ಎಡವಟ್ಟು ನಾಯಿ ಉಳಿಸಿದ ಸೂಪರ್‌ಹೀರೋ

(ಮಕ್ಕಳ ಕಾರ್ಟೂನುಗಳ ಕುರಿತು ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದು ನಾಯಿಯ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಯಂತ್ರದ ನಾಯಿ, ಹೆಸರು ಡೈನೋಮಟ್. 1976ರ ಸೆಪ್ಟೆಂಬರ್ 11, ಶನಿವಾರ ಬೆಳಿಗ್ಗೆ, ಅಮೆರಿಕದ ಎಬಿಸಿ ವಾಹಿನಿಯಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡ. ಕಾರ್ಯಕ್ರಮದ ಪೂರ್ತಿ ಹೆಸರು ‘ಡೈನೋಮಟ್, ಡಾಗ್ ವಂಡರ್’. ಸ್ಕೂಬಿ-ಡೂ ಜತೆ ಸೇರಿಸಿ ಒಂದು ಗಂಟೆಯ ಜೋಡಿ ಕಾರ್ಯಕ್ರಮವಾಗಿ ಅದನ್ನು ತೋರಿಸುತ್ತಿದ್ದರು. ತಯಾರಿಸಿದ್ದು ಹನ್ನಾ-ಬಾರ್ಬೆರಾ ಸ್ಟುಡಿಯೋ. ಮೊದಲ ಸರಣಿಯಲ್ಲಿ 16 ಕಂತುಗಳು, ಮರುವರ್ಷ ಇನ್ನೊಂದು ನಾಲ್ಕು ಕಥೆಗಳು. ಅಷ್ಟೇ.

ಇಷ್ಟು ಚಿಕ್ಕ ಸರಣಿಯನ್ನು ಯಾಕೆ ಆರಿಸಿಕೊಂಡೆ ಎಂದರೆ, ಮಕ್ಕಳಿಗೆ ಏನು ತೋರಿಸಬೇಕು, ಏನು ತೋರಿಸಬಾರದು ಎಂಬ ಜಗಳ ನಾವು ಹುಟ್ಟುಹಾಕಿದ್ದಲ್ಲ. ಐವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಆ ಜಗಳ ಜೋರಾಗಿ ನಡೆದಿತ್ತು, ಅದರ ನಡುವೆಯೇ ಈ ನಾಯಿ ಹುಟ್ಟಿದ್ದು.

ಮೊದಲು ಕಥೆ ಹೇಳಿಬಿಡುತ್ತೇನೆ. ಬಿಗ್ ಸಿಟಿ ಎಂಬ ಊರು. ಅಲ್ಲಿ ರ‍್ಯಾಡ್ಲಿ ಕ್ರೌನ್ ಎಂಬ ಶ್ರೀಮಂತ, ಕಲಾಕೃತಿಗಳ ವ್ಯಾಪಾರಿ. ಊರಿಗೆ ಆಪತ್ತು ಬಂದಾಗ ಅವನೇ ಮುಖವಾಡ, ಮೇಲುವಸ್ತ್ರ ಧರಿಸಿ ಬ್ಲೂ ಫಾಲ್ಕನ್ ಆಗುತ್ತಾನೆ. ಗುಪ್ತ ಕೊಠಡಿ ಇದೆ, ವಿಶೇಷ ಕಾರು ಇದೆ. ಬ್ಯಾಟ್‌ಮನ್ ನೋಡಿದವರಿಗೆ ಇದರ ಮೂಲ ತಕ್ಷಣ ಗೊತ್ತಾಗುತ್ತದೆ, ಅದನ್ನು ಮುಚ್ಚಿಡಲು ಮಾಡಿದವರೂ ಹೋಗಿಲ್ಲ. ಬ್ಯಾಟ್‌ಮನ್ ಪಕ್ಕದಲ್ಲಿ ರಾಬಿನ್ ಎಂಬ ಚುರುಕು ಹುಡುಗ ಇರುತ್ತಾನಲ್ಲ, ಆ ಜಾಗದಲ್ಲಿ ಇಲ್ಲಿ ಡೈನೋಮಟ್ ಇದ್ದಾನೆ. ಮೈ ತುಂಬ ಯಂತ್ರಗಳು. ಕೈ ಬೇಕಾದಷ್ಟು ಉದ್ದಕ್ಕೆ ಚಾಚುತ್ತದೆ, ಕಾಲು ಬೆಳೆಯುತ್ತದೆ, ಮೈಯೊಳಗಿಂದ ಏನೇನೋ ಉಪಕರಣಗಳು ಹೊರಬರುತ್ತವೆ. ಆದರೆ ಬೇಕಾದ ಹೊತ್ತಿಗೆ ಬೇಕಾದದ್ದು ಬರುವುದಿಲ್ಲ. ಕಳ್ಳನನ್ನು ಹಿಡಿಯಲು ಚಾಚಿದ ಕೈ ತನ್ನ ಯಜಮಾನನನ್ನೇ ಹಿಡಿದುಕೊಳ್ಳುತ್ತದೆ. ಬಾಗಿಲು ತೆರೆಯಲು ಹೋದರೆ ಗೋಡೆಯೇ ಬೀಳುತ್ತದೆ. ಆ ಗದ್ದಲದಲ್ಲೇ ಖಳನಾಯಕ ಸಿಕ್ಕಿಬೀಳುತ್ತಾನೆ. ಯಾವ ಕಂತು ಹಾಕಿದರೂ ಕಥೆ ಸುಮಾರಾಗಿ ಇದೇ ದಾರಿಯಲ್ಲಿ ಸಾಗುತ್ತದೆ.

ಈಗ ಹತ್ತು ವರ್ಷ ಹಿಂದಕ್ಕೆ ಹೋಗೋಣ.

1966ರಲ್ಲಿ ಅಮೆರಿಕದಲ್ಲಿ ದೊಡ್ಡ ಟಿವಿ ಜಾಲಗಳು ಮೂರು: ಸಿಬಿಎಸ್, ಎನ್‌ಬಿಸಿ, ಎಬಿಸಿ. ಶನಿವಾರ ಬೆಳಿಗ್ಗೆ ದೊಡ್ಡವರು ಇನ್ನೂ ಹಾಸಿಗೆಯಲ್ಲಿರುವಾಗ ಮಕ್ಕಳು ಟಿವಿ ಮುಂದೆ ಕೂರುತ್ತಿದ್ದರು. ಆ ಹೊತ್ತು ಪೂರ್ತಿ ಕಾರ್ಟೂನು, ಕಾರ್ಟೂನಿನ ನಡುವೆ ಹಾಲಿಗೆ ಹಾಕಿ ತಿನ್ನುವ ಸಕ್ಕರೆ ಬೆರೆಸಿದ ತಿಂಡಿ (ಸೀರಿಯಲ್) ಮತ್ತು ಆಟಿಕೆಗಳ ಜಾಹೀರಾತು. ಸಿಬಿಎಸ್‌ನಲ್ಲಿ ಹಗಲಿನ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದವರು ಫ್ರೆಡ್ ಸಿಲ್ವರ್‌ಮನ್ ಎಂಬ ಯುವಕ. ಆ ವರ್ಷ ಅವರು ಶನಿವಾರವನ್ನು ಸೂಪರ್‌ಹೀರೋಗಳಿಂದ ತುಂಬಿಸಿದರು. ಸೂಪರ್‌ಮ್ಯಾನ್ ಬಂದ. ಹನ್ನಾ-ಬಾರ್ಬೆರಾದಿಂದ ‘ಸ್ಪೇಸ್ ಘೋಸ್ಟ್’ ಬಂತು. ಮಣಿಕಟ್ಟಿನಿಂದ ಕಿರಣ ಹಾರಿಸಿ ಗ್ರಹಗ್ರಹಾಂತರದ ದುಷ್ಟರನ್ನು ಹೊಡೆದುರುಳಿಸುವ ವೀರ ಅವನು. ಅವನ ರೂಪ ರಚಿಸಿದವರು ಅಲೆಕ್ಸ್ ಟಾಥ್ ಎಂಬ ಅಸಾಧಾರಣ ಚಿತ್ರಕಾರ. ಆ ಗೆರೆಗಳನ್ನು ಈಗ ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಅಲ್ಲೂ ಒಂದು ಪ್ರಾಣಿ ಇತ್ತು, ಬ್ಲಿಪ್ ಎಂಬ ಕೋತಿ. ಆದರೆ ಅದು ಎಡವಟ್ಟಿನದಲ್ಲ, ವೀರನಿಗೆ ನೆರವಾಗುವ ಕೆಲಸದ ಕೋತಿ. ಮಕ್ಕಳು ಮುಗಿಬಿದ್ದು ನೋಡಿದರು. ಉಳಿದೆರಡು ವಾಹಿನಿಗಳೂ ಅದೇ ದಾರಿ ಹಿಡಿದವು.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು, ಜೂನ್‌ನಲ್ಲಿ ರಾಬರ್ಟ್ ಕೆನಡಿ ಅವರದು. ವಿಯೆಟ್ನಾಂ ಯುದ್ಧ ದಿನವೂ ಟಿವಿಯ ಸುದ್ದಿಯಲ್ಲಿತ್ತು. ದೇಶದ ಹಿಂಸೆಗೆ ಕಾರಣವೇನೆಂದು ತಿಳಿಯಲು ಅಧ್ಯಕ್ಷ ಜಾನ್ಸನ್ ಒಂದು ಆಯೋಗವನ್ನೇ ನೇಮಿಸಿದರು. ಟಿವಿ ಜಾಲಗಳಿಗೆ ಬಿಸಿ ತಟ್ಟಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ನ್ಯೂಟನ್ ಎಂಬಲ್ಲಿ ಪೆಗಿ ಚಾರೆನ್ ಎಂಬ ತಾಯಿ ಇನ್ನು ಕೆಲವು ತಾಯಂದಿರೊಡನೆ ಸೇರಿ ‘ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಎಂಬ ಸಂಘಟನೆ ಕಟ್ಟಿದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕಾರ್ಟೂನ್ ಅಭಿಮಾನಿಗಳು ಚಾರೆನ್ ಅವರನ್ನು ಮಕ್ಕಳ ಖುಷಿ ಕಸಿದವರು ಎಂಬಂತೆ ದೂರುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಅವರು ಸೆನ್ಸಾರ್ ವಿರೋಧಿಯಾಗಿದ್ದರು. ಒಳ್ಳೆಯ ಕಾರ್ಯಕ್ರಮಗಳು ಹೆಚ್ಚಾಗಬೇಕು, ಮಕ್ಕಳನ್ನು ಗುರಿಯಾಗಿಸಿ ಸರಕು ಮಾರುವುದಕ್ಕೆ ಕಡಿವಾಣ ಬೀಳಬೇಕು ಎಂಬುದು ಅವರ ಬೇಡಿಕೆ. 1990ರಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಟೆಲಿವಿಷನ್ ಕಾಯ್ದೆ ತಂದದ್ದರ ಹಿಂದೆ ಇವರ ಇಪ್ಪತ್ತು ವರ್ಷಗಳ ಓಡಾಟವಿದೆ. ಹೊಡೆದಾಟಕ್ಕೆ ಕತ್ತರಿ ಹಾಕಿದ್ದು ಮುಖ್ಯವಾಗಿ ವಾಹಿನಿಗಳೇ, ತಮ್ಮ ಹೆಸರು ಕೆಡುತ್ತದೆಂಬ ಭಯದಿಂದ.

ಕಾರಣ ಯಾವುದೇ ಇರಲಿ, ಪರಿಣಾಮ ಕಣ್ಣಿಗೆ ಕಾಣುವಂಥದ್ದು. ದಶಕ ಮುಗಿಯುವಷ್ಟರಲ್ಲಿ ಗಂಭೀರ ವೀರರು ಶನಿವಾರದಿಂದ ಕಾಲ್ತೆಗೆದರು. ಅದೇ ಸಿಲ್ವರ್‌ಮನ್ ಈಗ ಹೊಡೆದಾಟವಿಲ್ಲದ ಏನಾದರೂ ಬೇಕೆಂದರು. 1969ರ ಸೆಪ್ಟೆಂಬರ್‌ನಲ್ಲಿ ಸ್ಕೂಬಿ-ಡೂ ಬಂದದ್ದು ಹಾಗೆ. ಬರೆದವರು ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್. ನೆರಳು ಕಂಡರೆ ಓಡುವ ದೊಡ್ಡ ನಾಯಿ, ಬೆನ್ನಟ್ಟುವ ದೆವ್ವ, ಕೊನೆಗೆ ಮುಖವಾಡದೊಳಗೆ ಒಬ್ಬ ಮಾಮೂಲಿ ಮನುಷ್ಯ. ಯಾರೂ ಯಾರನ್ನೂ ಗುದ್ದುವುದಿಲ್ಲ. ಓಟವೇ ಎಲ್ಲ.

ಆದರೆ ಮಕ್ಕಳಿಗೆ ಸೂಪರ್‌ಹೀರೋ ಬೇಡವಾಗಿರಲಿಲ್ಲ. 1973ರಲ್ಲಿ ಎಬಿಸಿ ‘ಸೂಪರ್ ಫ್ರೆಂಡ್ಸ್’ ತಂದಿತು. ಸೂಪರ್‌ಮ್ಯಾನ್, ಬ್ಯಾಟ್‌ಮನ್, ವಂಡರ್ ವುಮನ್ ಎಲ್ಲರೂ ಒಂದೇ ಕಡೆ, ಆದರೆ ಮುಷ್ಟಿ ಎತ್ತುವ ಹಾಗಿಲ್ಲ. ಬೆಟ್ಟ ಎತ್ತಬಲ್ಲ ಸೂಪರ್‌ಮ್ಯಾನ್ ಎದುರಾಳಿಯ ಜತೆ ಚರ್ಚೆ ಮಾಡುತ್ತಾ ನಿಲ್ಲಬೇಕಾದ ಸ್ಥಿತಿ. ಅಲ್ಲೂ ಎರಡು ಮಕ್ಕಳ ಜತೆ ವಂಡರ್ ಡಾಗ್ ಎಂಬ ನಾಯಿಯನ್ನು ಸೇರಿಸಿದರು. ಆ ನಾಯಿ ಕಥೆಗೆ ಅಂಟಿಕೊಳ್ಳಲೇ ಇಲ್ಲ. ಗಂಭೀರ ವೀರರು ಒಂದು ಕಡೆ, ತಮಾಷೆ ಇನ್ನೊಂದು ಕಡೆ. ಮರುವರ್ಷ ಬಂದ ‘ಹಾಂಗ್ ಕಾಂಗ್ ಫೂಯಿ’ ಬೇರೆ ಉಪಾಯ ಮಾಡಿತು. ಅಲ್ಲಿ ವೀರನೇ ಪೆದ್ದು ನಾಯಿ, ಕೆಲಸವನ್ನೆಲ್ಲ ಸದ್ದಿಲ್ಲದೆ ಮುಗಿಸುವುದು ಸ್ಪಾಟ್ ಎಂಬ ಬೆಕ್ಕು. ಸ್ಕ್ಯಾಟ್‌ಮನ್ ಕ್ರಾದರ್ಸ್ ಅವರ ದನಿ ಆ ನಾಯಿಗೆ ಜೀವ ಕೊಟ್ಟಿತು. ಆದರೆ ವೀರನೇ ನಗೆಪಾಟಲಾದ ಮೇಲೆ ಮಗು ತಲೆಯೆತ್ತಿ ನೋಡಲು ಯಾರೂ ಉಳಿಯಲಿಲ್ಲ. ಜತೆಗೆ ಪೂರ್ವ ಏಷ್ಯಾದ ಜನರನ್ನು ಆ ಕಾಲದ ಸವಕಲು ಅಚ್ಚಿನಲ್ಲಿ ತೋರಿಸಿದ ಭಾಗಗಳು ಇವತ್ತು ನೋಡಿದರೆ ಮುಜುಗರವಾಗುತ್ತದೆ.

ಡೈನೋಮಟ್‌ನಲ್ಲಿ ರೂಬಿ ಮತ್ತು ಸ್ಪಿಯರ್ಸ್ ಕಂಡುಕೊಂಡ ದಾರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾದದ್ದು. ವೀರನ ಗಾಂಭೀರ್ಯ ಕಡಿಮೆ ಮಾಡಲಿಲ್ಲ, ಒಂದಿಷ್ಟೂ ಮಾಡಲಿಲ್ಲ. ಬ್ಲೂ ಫಾಲ್ಕನ್‌ಗೆ ದನಿ ಕೊಟ್ಟವರು ಗ್ಯಾರಿ ಓವೆನ್ಸ್. ಇದೇ ಓವೆನ್ಸ್ ಹತ್ತು ವರ್ಷಗಳ ಹಿಂದೆ ಸ್ಪೇಸ್ ಘೋಸ್ಟ್‌ಗೂ ದನಿ ಕೊಟ್ಟಿದ್ದವರು. ಎದೆಯಾಳದಿಂದ ಬರುವ, ಒಂದೊಂದು ಅಕ್ಷರವೂ ಕಂಚಿನಂತೆ ಮೊಳಗುವ ಕಂಠ. 1966ರಲ್ಲಿ ಆ ಕಂಠದ ಹಿಂದೆ ಕಿರಣ ಹಾರಿಸುವ ಶಸ್ತ್ರವಿತ್ತು. 1976ರಲ್ಲಿ ಅದೇ ಕಂಠ, ಅದೇ ಗತ್ತು, ಆದರೆ ಹೊಡೆಯುವ ಹಾಗಿಲ್ಲ. ಹಾಗಾದರೆ ಖಳನನ್ನು ಕೆಡವುವುದು ಯಾರು? ನಾಯಿ ಕೆಡವುತ್ತದೆ, ಅದೂ ಬೇಕೆಂದು ಅಲ್ಲ. ಕಾಲು ಜಾರಿ, ಕೈ ತಪ್ಪಿ, ತಿರುಗುಬಾಣವಾಗಿ. ಹಿಂಸೆ ಮಾಡುವ ಉದ್ದೇಶ ಯಾರಿಗೂ ಇಲ್ಲ, ಆದರೂ ದುಷ್ಟ ಬಲೆಗೆ ಬಿದ್ದ. ಯಾವ ವಾಹಿನಿಯ ಅಧಿಕಾರಿಯೂ ಇದಕ್ಕೆ ತಕರಾರು ತೆಗೆಯಲಾರ. ಮುಷ್ಟಿಗೆ ಬೀಗ ಬಿದ್ದ ಕಾಲದಲ್ಲಿ ಸೂಪರ್‌ಹೀರೋ ಕಥೆಯನ್ನು ಮುಂದಕ್ಕೆ ದಾಟಿಸಿದ್ದು ಈ ನಾಯಿಯ ಎಡವಟ್ಟು. ನಾನು ಇವತ್ತು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ.

ನಮ್ಮಲ್ಲಿ ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಜವೇಷ ಎಷ್ಟು ಗಂಭೀರವಾಗಿ ನಿಂತಿರುತ್ತದೋ ಪಕ್ಕದ ಹಾಸ್ಯಗಾರನ ಮಾತು ಅಷ್ಟು ಕಳೆಕಟ್ಟುತ್ತದೆ. ರಾಜವೇಷದವನು ತಾನೂ ನಕ್ಕುಬಿಟ್ಟರೆ ಪ್ರಸಂಗ ಕುಸಿಯುತ್ತದೆ. ಓವೆನ್ಸ್ ಒಮ್ಮೆಯೂ ಕುಸಿಯಲು ಬಿಡಲಿಲ್ಲ.

ಡೈನೋಮಟ್‌ಗೆ ದನಿ ಕೊಟ್ಟವರು ಫ್ರಾಂಕ್ ವೆಲ್ಕರ್. ಆಗಿನ್ನೂ ಮೂವತ್ತರ ಪ್ರಾಯ. ಸ್ಕೂಬಿ-ಡೂನಲ್ಲಿ ಫ್ರೆಡ್ ಎಂಬ ಹುಡುಗನ ದನಿಯೂ 1969ರಿಂದ ಅವರದೇ. ಮೂಗಿನಲ್ಲಿ ಎಳೆಯುವ, ಗೊಕ್ಕೆಂದು ನಗುವ, ತಪ್ಪು ಮಾಡಿದ ಮೇಲೂ ಹುಮ್ಮಸ್ಸು ಕುಗ್ಗದ ದನಿ. ಐವತ್ತರ ದಶಕದ ‘ದಿ ಹನಿಮೂನರ್ಸ್’ ಎಂಬ ಹಾಸ್ಯ ಸರಣಿಯಲ್ಲಿ ಆರ್ಟ್ ಕಾರ್ನಿ ಮಾಡಿದ ಎಡ್ ನಾರ್ಟನ್ ಪಾತ್ರದ ಛಾಯೆ ಅದರಲ್ಲಿದೆ. ಹಾಗಾಗಿ ಸೋಫಾದ ಹಿಂದೆ ಕೂತ ಅಪ್ಪಂದಿರಿಗೂ ಆ ನಗೆ ಪರಿಚಿತವೇ ಆಗಿತ್ತು.

ಇನ್ನು ಚಿತ್ರದ ವಿಷಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಸಭೆಯಲ್ಲಿ ಚಿತ್ರಕಲೆ ಕಲಿಸುವವರೂ ಇದ್ದೀರಿ.

ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೋದಲ್ಲಿ ಟಾಮ್ ಅಂಡ್ ಜೆರ‍್ರಿ ಮಾಡುತ್ತಿದ್ದವರು. ಏಳು ಆಸ್ಕರ್ ಗೆದ್ದ ಸರಣಿ ಅದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೂ ಏಳು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಚಿತ್ರ ಬೇಕು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು. ಇಬ್ಬರೂ ಸ್ವಂತ ಸ್ಟುಡಿಯೋ ತೆರೆದು ಟಿವಿಗೆ ಬಂದರು. ಟಿವಿಯವರು ಕೊಡುತ್ತಿದ್ದ ಹಣ ಸಿನಿಮಾದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಹಾಗಾಗಿ ಚಿತ್ರಗಳ ಸಂಖ್ಯೆ ಇಳಿಸಲೇಬೇಕಾಯಿತು. ಯೋಗಿ ಬೇರ್ ಕೊರಳಲ್ಲಿ ಕಾಲರ್, ಟೈ ಯಾಕಿದೆ ಗೊತ್ತೇ? ಕರಡಿಗೆ ಅಂಗಿಯೇ ಇಲ್ಲ, ಟೈ ಯಾತಕ್ಕೆ? ಕಾಲರ್ ಇದ್ದರೆ ತಲೆಗೂ ಮೈಗೂ ನಡುವೆ ಒಂದು ಗೆರೆ ಬೀಳುತ್ತದೆ. ಮೈಯನ್ನು ಒಂದು ಹಾಳೆಯ ಮೇಲೆ ಹಾಗೇ ಬಿಟ್ಟು, ತಲೆಯನ್ನಷ್ಟೇ ಬೇರೆ ಹಾಳೆಯಲ್ಲಿ ಮತ್ತೆ ಬರೆದುಕೊಳ್ಳಬಹುದು. ಮಾತಾಡುವಾಗ ಬಾಯಿ ಮಾತ್ರ ಬದಲಾದರೆ ಸಾಕು. ಮುಂದಿನ ಸಲ ಮಕ್ಕಳೊಂದಿಗೆ ಆ ಕಾಲದ ಕಾರ್ಟೂನು ನೋಡುವಾಗ ಕೊರಳು ಗಮನಿಸಿ. ಪಟ್ಟಿಯೋ ಕಾಲರೋ ಸ್ಕಾರ್ಫೋ, ಏನಾದರೊಂದು ಇದ್ದೇ ಇರುತ್ತದೆ.

ಈ ಬಡತನದಲ್ಲಿ ಯಂತ್ರದ ನಾಯಿ ಒಂದು ವರ. ನಿಜವಾದ ನಾಯಿ ಓಡುವುದನ್ನು ಬರೆಯಬೇಕಾದರೆ ಬೆನ್ನು ಬಾಗಬೇಕು, ಭುಜ ಏಳಬೇಕು, ಕಿವಿ ಹಾರಬೇಕು, ಹೆಜ್ಜೆ ಹೆಜ್ಜೆಗೂ ಹೊಸ ಚಿತ್ರ. ಡೈನೋಮಟ್ ನಿಂತಲ್ಲೇ ನಿಂತು ಕೈಯಷ್ಟೇ ಚಾಚುತ್ತಾನೆ. ಮೈ ಅಲುಗಬೇಕಾಗಿಲ್ಲ. ಎರಡು ಗೆರೆ ಉದ್ದವಾಗುತ್ತಾ ಹೋದರೆ ಕೈ ಬೀದಿಯ ಆಚೆ ತಲುಪಿತು. ಅಲ್ಲಿ ಏನು ಬಿತ್ತು, ಏನು ಒಡೆಯಿತು ಎಂಬುದನ್ನು ಸದ್ದಿನಲ್ಲಿ ಕೇಳಿಸಿದರೆ ಮುಗಿಯಿತು. ರೂಬಿ, ಸ್ಪಿಯರ್ಸ್ ಇಬ್ಬರೂ ಕಥೆಗಾರರಾಗುವ ಮೊದಲು ಅದೇ ಸ್ಟುಡಿಯೋದಲ್ಲಿ ಸಂಕಲನ ವಿಭಾಗದಲ್ಲಿದ್ದವರು, ಸದ್ದು ಜೋಡಿಸುವ ಕೆಲಸದಲ್ಲಿ ಕೈ ಪಳಗಿದವರು. ಡೈನೋಮಟ್‌ನ ಅರ್ಧ ಹಾಸ್ಯ ಕಿವಿಗೆ ಬರೆದದ್ದೆಂದು ನನಗೆ ಅನ್ನಿಸುವುದು ಅದಕ್ಕೇ.

ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಹಿನ್ನೆಲೆಯ ಕಟ್ಟಡಗಳು ಮತ್ತೆ ಮತ್ತೆ ಅವೇ ಬರುತ್ತವೆ. ಖಳರಿಗೆ ಹೆಸರು, ವೇಷ ಬಿಟ್ಟರೆ ಹೆಚ್ಚಿನ ಗುಣವಿಲ್ಲ. ಹೆಣ್ಣು ಪಾತ್ರಗಳು ಅಪರೂಪ. ನಾಲ್ಕು ಕಂತು ಒಟ್ಟಿಗೆ ನೋಡಿದರೆ ಐದನೆಯದರ ಕೊನೆಯನ್ನು ಮಗುವೇ ಹೇಳಿಬಿಡುತ್ತದೆ. ವಾರಕ್ಕೊಂದರಂತೆ ನೋಡಲು ಮಾಡಿದ ಸರಕು ಅದು, ಹಾಗೆ ನೋಡಿದರೇ ರುಚಿ.

ಅದೆಲ್ಲ ಬದಿಗಿಟ್ಟು ನನ್ನನ್ನು ಹಿಡಿದು ನಿಲ್ಲಿಸುವುದು ಆ ಇಬ್ಬರ ಸಂಬಂಧ. ಬ್ಲೂ ಫಾಲ್ಕನ್ ಬೈಯುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಹಣೆ ಚಚ್ಚಿಕೊಳ್ಳುತ್ತಾನೆ. ಮುಂದಿನ ಕರೆ ಬಂದಾಗ ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಆರು ವರ್ಷದ ಮಗುವಿನ ದಿನ ಹೇಗಿರುತ್ತದೆ ಯೋಚಿಸಿ. ಲೋಟ ಎತ್ತಿದರೆ ಹಾಲು ಚೆಲ್ಲುತ್ತದೆ, ಶೂ ಲೇಸು ಕಟ್ಟಿದರೆ ಗಂಟಾಗುತ್ತದೆ, ಸಹಾಯ ಮಾಡಲು ಹೋದರೆ ಹಿಟ್ಟಿನ ಡಬ್ಬ ಉರುಳುತ್ತದೆ. ಇಡೀ ದಿನ ತಾನು ಮಾಡಿದ್ದೆಲ್ಲ ತಪ್ಪು, ದೊಡ್ಡವರು ಮಾಡಿದ್ದೆಲ್ಲ ಸರಿ. ಪರದೆಯ ಮೇಲಿನ ವೀರ ಆ ಮಗುವಿಗೆ ಅಪ್ಪನಂತೆ ಕಾಣುತ್ತಾನೆ. ತನ್ನಂತೆ ಕಾಣುವವನು ನಾಯಿ. ಆ ನಾಯಿಯನ್ನು ಯಾರೂ ಕೈಬಿಡುವುದಿಲ್ಲ ಎಂಬುದು ಮಗುವಿನ ಮನಸ್ಸಿಗೆ ಸಣ್ಣ ವಿಷಯವಲ್ಲ.

ನಮ್ಮ ಕಡೆಗೆ ಬರೋಣ. 1991ರಲ್ಲಿ ಟೆಡ್ ಟರ್ನರ್ ಅವರ ಕಂಪನಿ ಹನ್ನಾ-ಬಾರ್ಬೆರಾವನ್ನು ಕೊಂಡಿತು. ಆ ಹಳೆಯ ಭಂಡಾರವನ್ನೇ ಬಂಡವಾಳ ಮಾಡಿಕೊಂಡು 1992ರಲ್ಲಿ ಅಮೆರಿಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು, 1995ರಲ್ಲಿ ಭಾರತಕ್ಕೂ ಬಂತು. ಹಗಲೆಲ್ಲ ಕಾರ್ಟೂನು, ರಾತ್ರಿಯಾದರೆ ಅದೇ ಚಾನೆಲ್ಲಿನಲ್ಲಿ ಟಿಎನ್‌ಟಿ ಎಂಬ ಟರ್ನರ್ ಅವರದೇ ಇನ್ನೊಂದು ವಾಹಿನಿಯ ಹಳೆಯ ಹಾಲಿವುಡ್ ಸಿನಿಮಾ. ಕೇಬಲ್ ಎಳೆಸಿಕೊಂಡಿದ್ದ ಮನೆಗಳಲ್ಲಿ ಬೆಳೆದವರು ಇಲ್ಲಿ ತಲೆಯಾಡಿಸುತ್ತಿದ್ದೀರಿ, ಕಾಣುತ್ತಿದೆ. ಅಮೆರಿಕದ ಮಕ್ಕಳು ಅರವತ್ತು-ಎಪ್ಪತ್ತರ ದಶಕದಲ್ಲಿ ನೋಡಿದ್ದನ್ನು ಕರ್ನಾಟಕದ ಮಕ್ಕಳು ತೊಂಬತ್ತರ ದಶಕದಲ್ಲಿ ನೋಡಿದರು, ಎಲ್ಲ ಕಾಲದ್ದೂ ಒಟ್ಟಿಗೆ, ಯಾವುದು ಹಳೆಯದು ಯಾವುದು ಹೊಸದು ಎಂಬ ಗೊಡವೆಯಿಲ್ಲದೆ.

ನೋಡಿದ್ದು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ಆಗ ದೊಡ್ಡ ವಿರೋಧವಿತ್ತು, ಕನ್ನಡದಲ್ಲೇ ಮಕ್ಕಳ ಚಾನೆಲ್ ಎಂದು ಚಿಂಟು ಟಿವಿ ಬಂದದ್ದು 2009ರಲ್ಲಿ. ಅಲ್ಲಿಯವರೆಗೆ ಕನ್ನಡ ಶಾಲೆಯ ಮಗು ಬ್ಲೂ ಫಾಲ್ಕನ್‌ನಂಥ ವೀರರ ಘನವಾದ ಭಾಷಣದಲ್ಲಿ ಒಂದು ಪದವೂ ಅರ್ಥವಾಗದೆ ಕೂರಬೇಕಿತ್ತು. ಆದರೆ ನಾಯಿ ಎಡವಿದ್ದು ಅರ್ಥವಾಗಲು ಭಾಷೆ ಬೇಕಿಲ್ಲ. ಮಾತು ತಿಳಿಯದ ಮನೆಗಳಲ್ಲೂ ಈ ಹಾಸ್ಯದ ಪಾತ್ರಗಳು ಒಗ್ಗಿಹೋದದ್ದು ಹಾಗೆ. ಆ ಮಕ್ಕಳು ತಮ್ಮ ಭಾಷೆಯಲ್ಲಿ ಪೂರ್ತಿ ಕಥೆ ಕೇಳಬಹುದಿತ್ತಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ, ಅದನ್ನು ಈ ವೇದಿಕೆಯಲ್ಲಿ ಹೇಳದೆ ಹೋಗಲಾರೆ.

ಮುಗಿಸುವ ಮೊದಲು ಇನ್ನೊಂದು ಕಾರ್ಟೂನಿನ ಪ್ರಸ್ತಾಪ. ತೊಂಬತ್ತರ ದಶಕದಲ್ಲಿ ಗೆಂಡಿ ಟಾರ್ಟಕೋವ್‌ಸ್ಕಿ ರೂಪಿಸಿದ ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’ಯ ಒಂದು ಕಂತಿನಲ್ಲಿ ಬ್ಲೂ ಫಾಲ್ಕನ್, ಡೈನೋಮಟ್ ಇಬ್ಬರೂ ಬರುತ್ತಾರೆ. ಕೆಟ್ಟುಹೋದ ಡೈನೋಮಟ್‌ನನ್ನು ರಿಪೇರಿಗೆಂದು ಪುಟ್ಟ ವಿಜ್ಞಾನಿ ಡೆಕ್ಸ್‌ಟರ್ ಬಳಿ ತರುತ್ತಾರೆ. ಡೆಕ್ಸ್‌ಟರ್‌ಗೆ ಈ ಎಡವಟ್ಟು ಯಂತ್ರ ಹಿಡಿಸುವುದಿಲ್ಲ, ಅದರ ಬದಲು ತಪ್ಪೇ ಮಾಡದ ಹೊಸ ನಾಯಿಯೊಂದನ್ನು ಕಟ್ಟಿಕೊಡುತ್ತಾನೆ. ಆ ಹೊಸ ನಾಯಿ ಸಣ್ಣಪುಟ್ಟ ತಪ್ಪು ಮಾಡಿದವರ ಮೇಲೂ ಮುಗಿಬೀಳುತ್ತದೆ, ಕೊನೆಗೆ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಹಳೆಯ ನಾಯಿಯೇ ಮರಳಿ ಬರಬೇಕಾಗುತ್ತದೆ. ಚಿಕ್ಕಂದಿನಲ್ಲಿ ಮೂಲ ಸರಣಿಯನ್ನು ಮನಸಾರೆ ಪ್ರೀತಿಸಿದವರಷ್ಟೇ ಇಂಥ ಕಂತು ಬರೆಯಬಲ್ಲರು.

ಮಾತು ಮುಗಿದ ಮೇಲೆ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: “ಸರ್, ಈಗಿನ ಮಕ್ಕಳಿಗೆ ಇದು ನಿಧಾನ ಅನ್ನಿಸುವುದಿಲ್ಲವೇ? ಅವರು ನೋಡುವ ವೇಗವೇ ಬೇರೆ.”

ಅನ್ನಿಸುತ್ತದೆ ಮೇಡಂ, ಖಂಡಿತ ಅನ್ನಿಸುತ್ತದೆ. 2020ರಲ್ಲಿ ಬಂದ ‘ಸ್ಕೂಬ್!’ ಸಿನಿಮಾದವರೂ ಅದನ್ನು ಯೋಚಿಸಿರಬೇಕು. ಅದರಲ್ಲಿ ಬ್ಲೂ ಫಾಲ್ಕನ್‌ನ ಮಗ ಪಟ್ಟಕ್ಕೆ ಬಂದಿದ್ದಾನೆ, ಜಂಬದವನು, ಕೈಲಾಗದವನು. ಡೈನೋಮಟ್ ಮಾತ್ರ ಚುರುಕು, ಎಲ್ಲ ಬಲ್ಲವನು. ಪಾತ್ರಗಳನ್ನು ಪೂರ್ತಿ ಅದಲುಬದಲು ಮಾಡಿದ್ದಾರೆ. ವೇಗವಿದೆ, ಬಣ್ಣವಿದೆ. ನನಗೆ ಆ ಬದಲಾವಣೆ ಒಪ್ಪಿಗೆಯಾಗಲಿಲ್ಲ. ಎಲ್ಲ ಬಲ್ಲ ನಾಯಿಯಲ್ಲಿ ಆರು ವರ್ಷದ ಮಗು ತನ್ನನ್ನು ಎಲ್ಲಿ ಕಾಣಬೇಕು?

“ಹಾಗಾದರೆ ನಮ್ಮ ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸಲಿ?” ಎಂದು ಅವರೇ ಮತ್ತೆ ಕೇಳಿದರು.

ಸ್ಕೂಬಿಯ ತಂಡವೂ ಬಂದುಹೋಗುವ ಮೂಲ ಕಂತುಗಳು ಕೆಲವಿವೆ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸ್ಕೂಬಿಯ ಪರಿಚಯ ಮಕ್ಕಳಿಗೆ ಹೇಗೂ ಇರುತ್ತದೆ. ಒಂದೇ ಕಂತು ತೋರಿಸಿ ನಿಲ್ಲಿಸಿ. ನಡುನಡುವೆ ತಡೆದು, ಬ್ಲೂ ಫಾಲ್ಕನ್ ಈಗ ಏನು ಹೇಳಿದ ಎಂಬುದನ್ನು ನಿಮ್ಮ ಕನ್ನಡದಲ್ಲಿ ಹೇಳಿ, ಗತ್ತಿನಿಂದಲೇ ಹೇಳಿ. ನಾಯಿಯ ಪಾಲಿನ ಮಾತನ್ನು ಮಕ್ಕಳಿಗೆ ಬಿಟ್ಟುಕೊಡಿ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.